ಕತ್ತಿ ಕೊಟ್ಟವರು ಯಾರು? ಜೆರೋಮ್ ರಾಬಿನ್ಸ್ ಕಟ್ಟಿದ ರೋಮಿಯೋ-ಜೂಲಿಯೆಟ್

ಹೋದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿ ಅಂತ ಹುಡುಗರು ನನ್ನ ಬೆನ್ನು ಬಿದ್ದರು. ನಾನು ಎಂ.ಎ. ಮುಗಿಸಿ ಪಾಠಕ್ಕೆ ನಿಂತು ಬಹಳ ಕಾಲವೇನೂ ಆಗಿಲ್ಲ. ಉಮೇದು ಜಾಸ್ತಿ. ರೋಮಿಯೋ-ಜೂಲಿಯೆಟ್ ಮಾಡೋಣ, ಆದರೆ ವೆರೋನಾ ಬೇಡ, ನಮ್ಮ ಸೀಮೆಯದೇ ಒಂದು ಹಳ್ಳಿ ಇರಲಿ ಎಂದೆ. ರೋಮಿಯೋ ಕೇರಿಯ ಹುಡುಗ, ಜೂಲಿಯೆಟ್ ಊರಿನ ಗೌಡರ ಮಗಳು. ಎರಡು ಮನೆತನದ ಹಗೆಯ ಜಾಗದಲ್ಲಿ ಜಾತಿಯನ್ನು ಇಟ್ಟರೆ ಸಾಕು, ನಾಟಕ ತನ್ನಷ್ಟಕ್ಕೆ ತಾನೇ ನಮ್ಮದಾಗುತ್ತೆ ಎಂಬ ನಂಬಿಕೆ ನನಗಿತ್ತು. ಮೊದಲ ಅಂಕ ಓದಿಸಿದೆ. ಎರಡೂ ಕಡೆಯ ಆಳುಗಳು ಬೀದಿಯಲ್ಲಿ ಕತ್ತಿ ಹಿರಿದು ನಿಲ್ಲುವ ದೃಶ್ಯ ಅದು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕೇರಿಯ ಹುಡುಗನೊಬ್ಬ ಎದ್ದು ನಿಂತ. "ಸಾರ್, ನಮ್ಮನೇರ ಕೈಗೆ ಕತ್ತಿ ಯಾರು ಕೊಟ್ರು?" ಅಂದ.

ತರಗತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ರೂಮಿಗೆ ಬಂದು ಕೂತಾಗ ಈ ಪ್ರಶ್ನೆ ನನ್ನ ಇಡೀ ಯೋಜನೆಯ ಬುಡವನ್ನೇ ಅಲ್ಲಾಡಿಸಿದೆ ಅನ್ನಿಸಿತು. ಶೇಕ್ಸ್‌ಪಿಯರ್ ತನ್ನ ನಾಟಕದ ಬಾಗಿಲಲ್ಲೇ ಹೇಳಿಬಿಡುತ್ತಾನೆ, ಈ ಎರಡು ಮನೆಗಳು ಅಂತಸ್ತಿನಲ್ಲಿ ಒಂದಕ್ಕೊಂದು ಸಮ ಎಂದು. ಆ ನಾಟಕ ನಿಂತಿರುವುದೇ ಈ ಸಮತ್ವದ ಮೇಲೆ. ಹಗೆ ಎನ್ನುವುದು ಸಮಾನರ ನಡುವಿನ ವ್ಯವಹಾರ. ಊರು-ಕೇರಿಯ ನಡುವೆ ಇರುವುದು ಹಗೆಯಲ್ಲ. ಹಗೆ ಆಗಬೇಕಾದರೆ ಎದುರಿನವನನ್ನು ಮನುಷ್ಯ ಅಂತಲಾದರೂ ಒಪ್ಪಬೇಕಾಗುತ್ತದೆ. ದೇವನೂರರ 'ಕುಸುಮಬಾಲೆ'ಯಲ್ಲಿ (1984) ಚನ್ನ ಸಾಯುವುದು ಯಾವ ದ್ವಂದ್ವಯುದ್ಧದಲ್ಲೂ ಅಲ್ಲ. ಅಲ್ಲಿ ಎರಡು ಮನೆತನದ ಜಗಳವೇ ಇಲ್ಲ, ಇರುವುದು ಕೊಲೆ ಮಾತ್ರ.

ಹಾಗಾದರೆ ಈ ನಾಟಕವನ್ನು ಅಸಮಾನರ ನಡುವೆ ಇಟ್ಟು ಯಾರೂ ಆಡಿಸಲಿಲ್ಲವೇ? ಹುಡುಕುತ್ತಾ ಹೋದಾಗ ನಾನು ಹೆಚ್ಚು ಹೊತ್ತು ನಿಂತದ್ದು ನ್ಯೂಯಾರ್ಕಿನ ಜೆರೋಮ್ ರಾಬಿನ್ಸ್ ಎಂಬ ನಿರ್ದೇಶಕನ ಹತ್ತಿರ. ಆತ 1957ರಲ್ಲಿ ರಂಗಕ್ಕೆ ತಂದ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ನಮ್ಮಲ್ಲಿ ಹಾಡು-ಕುಣಿತದ ಸಿನಿಮಾ ಅಂತ ಮಾತ್ರ ಬಲ್ಲವರು ಹೆಚ್ಚು. ಅದು ಹೇಗೆ ಕಟ್ಟಲ್ಪಟ್ಟಿತು, ಕಟ್ಟಿದವರು ಯಾರು, ಯಾರನ್ನು ಎಲ್ಲಿ ನಿಲ್ಲಿಸಿದರು ಎಂಬುದು ದಲಿತ ವಿಮರ್ಶೆಗೆ ಉಪಯೋಗಕ್ಕೆ ಬರುವ ಚರಿತ್ರೆ ಎಂದು ನನ್ನ ಭಾವನೆ. ಅಮೆರಿಕದ ಮಾದರಿಯನ್ನು ತಲೆ ಮೇಲೆ ಹೊರಬೇಕು ಅಂತ ನಾನು ಹೇಳುತ್ತಿಲ್ಲ. ಆ ಮಾದರಿ ಎಲ್ಲಿ ಜಾರುತ್ತದೆ ಎಂಬುದೇ ನನಗೆ ಮುಖ್ಯ.

ರಾಬಿನ್ಸ್ ಹುಟ್ಟಿದ್ದು 1918ರಲ್ಲಿ. ಹೆತ್ತವರು ಇಟ್ಟ ಹೆಸರು ಜೆರೋಮ್ ರಾಬಿನೋವಿಟ್ಸ್. ರಷ್ಯನ್ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿ ಕುಟುಂಬ, ಅಪ್ಪನದು ಹೆಂಗಸರ ಒಳಉಡುಪಿನ ಸಣ್ಣ ಕಾರ್ಖಾನೆ. ಹೆಸರಿನಿಂದ ಕುಲ ತಿಳಿಯಬಾರದು ಎಂದು ರಾಬಿನ್ಸ್ ಆದ. (ಅಡ್ಡಹೆಸರು ಬದಲಾಯಿಸಿಕೊಂಡು ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದಿರುವ ನಮ್ಮ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ.) 1949ರ ಜನವರಿಯಲ್ಲಿ ಆತ ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೈನ್‌ಗೆ ಒಂದು ಆಲೋಚನೆ ಹೇಳಿದ. ರೋಮಿಯೋ-ಜೂಲಿಯೆಟ್ ಅನ್ನು ನ್ಯೂಯಾರ್ಕಿನ ಕೊಳೆಗೇರಿಗೆ ತರುವುದು. ಒಂದು ಕಡೆ ಯಹೂದಿಗಳು, ಇನ್ನೊಂದು ಕಡೆ ಕ್ಯಾಥೊಲಿಕ್ಕರು. ಈಸ್ಟರ್ ಮತ್ತು ಪಾಸೋವರ್ ಹಬ್ಬಗಳು ಒಟ್ಟಿಗೆ ಬರುವ ದಿನಗಳು. ಜೂಲಿಯೆಟ್ ಯಹೂದಿ ಹುಡುಗಿ. ನಾಟಕಕಾರ ಆರ್ಥರ್ ಲಾರೆಂಟ್ಸ್ ಜೊತೆಗೂಡಿದ. ಆದರೆ ಕೆಲಸ ಮುಂದೆ ಹೋಗಲಿಲ್ಲ. 1922ರಷ್ಟು ಹಿಂದೆಯೇ ಯಹೂದಿ-ಐರಿಷ್ ಮದುವೆಯ ಮೇಲೆ ಒಂದು ಜನಪ್ರಿಯ ಹಾಸ್ಯನಾಟಕ ಬಂದುಹೋಗಿತ್ತು, ಇದು ಅದರದೇ ಹಾಡಿನ ಆವೃತ್ತಿ ಆದೀತು ಎಂದು ಲಾರೆಂಟ್ಸ್‌ಗೆ ಅನ್ನಿಸಿತಂತೆ.

ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುತ್ತದೆ. 1949ರ ಹೊತ್ತಿಗೆ ನ್ಯೂಯಾರ್ಕಿನ ಯಹೂದಿಗಳು ಮೆಟ್ಟಿಲು ಹತ್ತತೊಡಗಿದ್ದರು. ಆ ಜಗಳದಲ್ಲಿ ರಕ್ತ ಉಳಿದಿರಲಿಲ್ಲ. 1955ರಲ್ಲಿ ಬರ್ನ್‌ಸ್ಟೈನ್ ಮತ್ತು ಲಾರೆಂಟ್ಸ್ ಹಾಲಿವುಡ್‌ನ ಒಂದು ಹೋಟೆಲಿನ ಈಜುಕೊಳದ ಪಕ್ಕ ಕೂತು ಪತ್ರಿಕೆಯಲ್ಲಿ ಮೆಕ್ಸಿಕನ್ ಮೂಲದ ಯುವಕರ ಗುಂಪುಗಳ ಗಲಭೆಯ ಸುದ್ದಿ ಓದಿದರು. ನಮ್ಮ ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕನ್ನರು ಇದ್ದಾರಲ್ಲ ಎಂಬ ಮಾತು ಬಂತು. ಕಥೆ ಪೂರ್ವದಿಂದ ಪಶ್ಚಿಮಕ್ಕೆ ದಾಟಿತು. ಈಜುಕೊಳದ ಪಕ್ಕದಲ್ಲಿ ಕೊಳೆಗೇರಿ ಹೊಳೆದದ್ದು! ಈ ವ್ಯಂಗ್ಯವನ್ನು ನಾನು ಕಟ್ಟಿದ್ದಲ್ಲ, ಅವರೇ ಬರೆದಿಟ್ಟಿದ್ದಾರೆ. ಹಾಡು ಬರೆಯಲು ಕರೆದ ಸ್ಟೀಫನ್ ಸೋಂಡ್‌ಹೈಮ್ ಎಂಬ ಹರೆಯದ ಕವಿ ಮೊದಲು ಹಿಂಜರಿದನಂತೆ. ತಾನು ಅಷ್ಟು ಬಡವನಾಗಿ ಬದುಕಿದವನಲ್ಲ, ಒಬ್ಬ ಪೋರ್ಟೊ ರಿಕನ್ನನನ್ನೂ ಕಂಡವನಲ್ಲ ಅಂತ. ಆ ಹಿಂಜರಿಕೆ ಪ್ರಾಮಾಣಿಕವಾದದ್ದು. ಆಮೇಲೆ ಬರೆದ ಅನ್ನುವುದು ಬೇರೆ ಮಾತು.

ಪೋರ್ಟೊ ರಿಕೊ ದ್ವೀಪವನ್ನು ಅಮೆರಿಕ ಸ್ಪೇನಿನಿಂದ ಕಿತ್ತುಕೊಂಡದ್ದು 1898ರಲ್ಲಿ. 1917ರಲ್ಲಿ ಅಲ್ಲಿಯವರಿಗೆ ಅಮೆರಿಕದ ಪೌರತ್ವ ಸಿಕ್ಕಿತು. ಅಂದರೆ ಎರಡನೇ ಮಹಾಯುದ್ಧದ ನಂತರ ಗುಂಪುಗುಂಪಾಗಿ ನ್ಯೂಯಾರ್ಕಿಗೆ ಬಂದಿಳಿದವರು ಪರದೇಶಿಗಳಲ್ಲ, ಕಾಗದದ ಮೇಲೆ ಪೂರ್ಣ ಪೌರರು. ಕಾಗದದ ಮೇಲೆ ಸಮ, ಬೀದಿಯಲ್ಲಿ ಅಲ್ಲ. ನಮಗೆ ಬಹಳ ಗುರುತಿನ ಸ್ಥಿತಿ ಇದು.

ರಾಬಿನ್ಸ್ ನಾಟಕ ಕಟ್ಟಿದ ಕ್ರಮಕ್ಕೆ ಬರುತ್ತೇನೆ. ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದ ತಾಲೀಮಿನ ಅವಧಿಯ ಹೆಚ್ಚುಕಮ್ಮಿ ದುಪ್ಪಟ್ಟು, ಎಂಟು ವಾರ, ಆತ ಹಟ ಹಿಡಿದು ಪಡೆದ. ಬಿಳಿಯ ಹುಡುಗರ ಗುಂಪು 'ಜೆಟ್ಸ್', ಪೋರ್ಟೊ ರಿಕನ್ನರ ಗುಂಪು 'ಶಾರ್ಕ್ಸ್'. ಈ ಎರಡು ಗುಂಪಿನ ನಟರು ತಾಲೀಮಿನ ಹೊರಗೂ ಬೆರೆಯಕೂಡದು, ಒಟ್ಟಿಗೆ ಊಟಕ್ಕೆ ಕೂರಕೂಡದು. ಒಬ್ಬರನ್ನೊಬ್ಬರು ಪಾತ್ರದ ಹೆಸರಿನಿಂದಲೇ ಕರೆಯಬೇಕು. ಹಿಂದೆ ನಿಂತು ಕುಣಿಯುವ ಮೇಳದವನಿಗೂ ಒಂದು ಹೆಸರು, ಒಂದು ಪೂರ್ವಕಥೆ. ಬೀದಿ ಕಾಳಗದ ಸುದ್ದಿಗಳನ್ನು ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದ. ಒಂದು ಗುಂಪಿನ ಮೇಲೆ ಇನ್ನೊಂದನ್ನು ಎತ್ತಿಕಟ್ಟುತ್ತಿದ್ದ. ಕ್ರೂರಿ ಎಂದು ಹೆಸರು ಪಡೆದ ನಿರ್ದೇಶಕ ಆತ. ಅವನ ಕೈಕೆಳಗೆ ಪಳಗಿದವರೇ ಆ ಮಾತು ಹೇಳುತ್ತಾರೆ, ಜೊತೆಗೆ ಅವನಂಥ ಇನ್ನೊಬ್ಬ ಇಲ್ಲ ಅಂತಲೂ ಹೇಳುತ್ತಾರೆ.

ಇದನ್ನು ಓದಿದಾಗ ನಾವೂ ಹೀಗೇ ಮಾಡಿ ನೋಡೋಣ ಅಂದುಕೊಂಡೆ. ಊರಿನ ಪಾತ್ರದವರು ಒಂದು ಕಡೆ, ಕೇರಿಯ ಪಾತ್ರದವರು ಒಂದು ಕಡೆ ಊಟಕ್ಕೆ ಕೂರಲಿ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ ನೋಡಿದರೆ ನಾನು ಹೇಳುವ ಮೊದಲೇ ಅವರು ಎರಡಾಗಿ ಕೂತಿದ್ದರು. ಪಾತ್ರದ ಪ್ರಕಾರ ಅಲ್ಲ. ಹುಣಸೆ ಮರದ ಕೆಳಗೆ ಒಂದು ಗುಂಪು, ಸೈಕಲ್ ಸ್ಟ್ಯಾಂಡಿನ ಕಡೆ ಇನ್ನೊಂದು. ಮೊದಲ ವರ್ಷದಿಂದಲೂ ಹೀಗೇ ಕೂರುತ್ತಾರಂತೆ, ನಾನು ಗಮನಿಸಿರಲಿಲ್ಲ. ರಾಬಿನ್ಸ್ ನಿಯಮ ಮಾಡಿ ಎಂಟು ವಾರ ಕಷ್ಟಪಟ್ಟು ಸೃಷ್ಟಿಸಿದ್ದು ನಮ್ಮಲ್ಲಿ ಬಿಟ್ಟಿಯಾಗಿ ಸಿಗುತ್ತೆ. ನಮ್ಮ ನಿರ್ದೇಶಕ ಮಾಡಬೇಕಾದ ಕೆಲಸ ಇದರ ತದ್ವಿರುದ್ಧದ್ದು. ಒಟ್ಟಿಗೆ ಕೂರಿಸುವುದು. ಅದಕ್ಕೆ ಎಂಟು ವಾರ ಸಾಲುವುದಿಲ್ಲ.

ರಾಬಿನ್ಸ್‌ನ ದೊಡ್ಡ ಸಾಧನೆ ಎಂದು ಎಲ್ಲರೂ ಹೇಳುವುದು ಮೊದಲ ದೃಶ್ಯವನ್ನು. ಮಾತು ಬಹಳ ಕಡಿಮೆ. ಚಿಟಿಕೆ, ನಡಿಗೆ, ನಡಿಗೆಯಿಂದ ಹಾರುವ ಕುಣಿತ, ಕುಣಿತದಿಂದ ಹೊಡೆದಾಟ. ಬೀದಿ ಯಾರದು ಎಂಬ ಪ್ರಶ್ನೆಯನ್ನು ದೇಹದಲ್ಲೇ ಹೇಳಿದ್ದಾನೆ. ಇದು ನಿಜಕ್ಕೂ ದೊಡ್ಡದು. ಯಾರು ಬೀದಿಯ ನಡುವೆ ನಡೆಯಬಹುದು, ಯಾರು ಅಂಚಿಗೆ ಸರಿಯಬೇಕು ಎಂಬುದನ್ನು ಮೈಯಲ್ಲಿ ಹೊತ್ತು ಬೆಳೆದ ನಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಈ ಕುಣಿತದ ಚೆಲುವಿನಲ್ಲೇ ಒಂದು ಮೋಸವೂ ಇದೆ. ಎರಡೂ ಗುಂಪಿಗೆ ಸಮ ಚೈತನ್ಯ, ಸಮ ಜಿಗಿತ, ಸಮ ಕತ್ತಿ ಕೊಡುವುದರ ಮೂಲಕ ಶೇಕ್ಸ್‌ಪಿಯರನ ಆ ಸಮ ಅಂತಸ್ತು ಹಿಂಬಾಗಿಲಿಂದ ಮತ್ತೆ ಒಳಗೆ ಬರುತ್ತದೆ. ಕಣ್ಣಿಗೆ ಸಮ, ಕಿವಿಗೆ ಅಲ್ಲ. ರಂಗದ ಮೂಲ ಆವೃತ್ತಿಯನ್ನು ಗಮನಿಸಿ: ಜೆಟ್ಸ್ ಹುಡುಗರಿಗೆ ಅವರವೇ ಆದ ಹಾಡುಗಳು ಮೂರಿವೆ. ತಮ್ಮ ಬಡತನ, ಕುಡುಕ ತಂದೆತಾಯಿ, ಪೊಲೀಸು, ಕೋರ್ಟು ಎಲ್ಲವನ್ನೂ ಗೇಲಿ ಮಾಡಿ ಪ್ರೇಕ್ಷಕರ ಪ್ರೀತಿ ಗಿಟ್ಟಿಸುತ್ತಾರೆ. ಶಾರ್ಕ್ಸ್ ಹುಡುಗರಿಗೆ ಅಂಥ ಒಂದು ಹಾಡೂ ಇಲ್ಲ. ಎಲ್ಲರ ಜೊತೆ ದನಿಗೂಡಿಸುವುದು ಉಂಟು, ತಮ್ಮ ಕಥೆ ತಾವು ಹೇಳಿಕೊಳ್ಳುವುದು ಇಲ್ಲ. ಅವರ ಹೆಂಗಸರಿಗೆ ಇರುವ ಪ್ರಸಿದ್ಧ ಹಾಡಿನಲ್ಲಿ ತಮ್ಮದೇ ದ್ವೀಪವನ್ನು ರೋಗರುಜಿನದ ಕೊಂಪೆ ಎಂದು ಹೀಗಳೆಯುವ ಮಾತು ಬಂತು. ಪೋರ್ಟೊ ರಿಕನ್ನರು ಪ್ರತಿಭಟಿಸಿದರು. ಹೋವರ್ಡ್ ರಸ್ಕ್ ಎಂಬ ವೈದ್ಯರು ನಾಟಕ ಶುರುವಾದ ವಾರದಲ್ಲೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅದು ಸುಳ್ಳು ಎಂದು ಬರೆದರು. ಸಿನಿಮಾ ಆಗುವಾಗ ಆ ಸಾಲುಗಳು ಬದಲಾದವು.

ಕತ್ತಿಯ ಲೆಕ್ಕವನ್ನೂ ಹಾಕಿ. ಮೊದಲ ಕೊಲೆ ಶಾರ್ಕ್ಸ್‌ನ ಬರ್ನಾರ್ಡೊನ ಕೈಯಲ್ಲಿ. ಅದಕ್ಕೆ ಪ್ರತಿಯಾಗಿ ನಾಯಕ ಟೋನಿ ಬರ್ನಾರ್ಡೊನನ್ನು ಕೊಲ್ಲುತ್ತಾನೆ. ಕೊನೆಗೆ ಟೋನಿಯ ಎದೆಗೆ ಗುಂಡು ಇಳಿಸುವವನು ಪೋರ್ಟೊ ರಿಕೊದ ಚಿನೊ. ಮೊದಲ ಚಾಕುವೂ ಕಡೆಯ ಪಿಸ್ತೂಲೂ ಅವರ ಕೈಗೇ ಬಂದಿದೆ. ನಮ್ಮ ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಇದನ್ನೇ ಅಲ್ವಾ?

ಇಷ್ಟು ಹೇಳಿ ಕೈತೊಳೆದುಕೊಂಡರೆ ಅನ್ಯಾಯವಾಗುತ್ತದೆ. ಈ ನಾಟಕ ಶೇಕ್ಸ್‌ಪಿಯರನನ್ನು ಎರಡು ಕಡೆ ತಿದ್ದಿದೆ. ಆ ಎರಡೂ ಕಡೆ ಅದು ಮೂಲಕ್ಕಿಂತ ಮುಂದೆ ಹೋಗಿದೆ ಎಂದೇ ನಾನು ತಿಳಿದಿದ್ದೇನೆ.

ಒಂದು, ರಾಜನ ಪಾತ್ರ. ವೆರೋನಾದ ದೊರೆ ಎರಡೂ ಮನೆಗಳನ್ನು ಒಂದೇ ಸಮ ಬೈಯುತ್ತಾನೆ, ಒಂದೇ ಸಮ ದಂಡಿಸುತ್ತಾನೆ. ನ್ಯೂಯಾರ್ಕಿನಲ್ಲಿ ದೊರೆಯ ಜಾಗಕ್ಕೆ ಬಂದವನು ಶ್ರ್ಯಾಂಕ್ ಎಂಬ ಪೊಲೀಸ್ ಅಧಿಕಾರಿ. ಇವನು ಪೋರ್ಟೊ ರಿಕನ್ನರನ್ನು ಅಂಗಡಿಯಿಂದ ಹೊರಗಟ್ಟಿ, ಬಿಳಿಯ ಹುಡುಗರ ಹತ್ತಿರ ಬಂದು ಕಾಳಗ ಎಲ್ಲಿ ಹೇಳಿ, ನಾನೂ ನಿಮ್ಮ ಕಡೆಗೇ ಎನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಪ್ರಭುತ್ವ ತಟಸ್ಥ ಎಂಬ ವೆರೋನಾದ ಭ್ರಮೆ ಇಲ್ಲಿ ಒಡೆದಿದೆ. ದೂರು ಕೊಡಲು ಠಾಣೆಗೆ ಹೋಗಿ ರಾಜಿ ಮಾಡಿಸಿಕೊಂಡು ವಾಪಸ್ ಬಂದವರಿಗೆ ಈ ಶ್ರ್ಯಾಂಕ್ ಹಳೆಯ ಪರಿಚಯ.

ಎರಡನೆಯದು ಇದಕ್ಕಿಂತ ಆಳವಾದದ್ದು. ಮೂಲದಲ್ಲಿ ಜೂಲಿಯೆಟ್ ಸತ್ತಿಲ್ಲ ಎಂಬ ಪತ್ರ ರೋಮಿಯೋಗೆ ಯಾಕೆ ಮುಟ್ಟುವುದಿಲ್ಲ? ಊರಲ್ಲಿ ಪ್ಲೇಗು. ಪತ್ರ ಒಯ್ಯುವ ಸನ್ಯಾಸಿಯನ್ನು ಮನೆಯೊಳಗೆ ಕೂಡಿಹಾಕುತ್ತಾರೆ. ಅಂದರೆ ಆಕಸ್ಮಿಕ, ವಿಧಿ. ರುದ್ರನಾಟಕ ಎಂದ ಕೂಡಲೇ ನಮ್ಮ ವಿಮರ್ಶಕರು ವಿಧಿ, ಮಾನವ ಸ್ಥಿತಿ ಎಂದು ಶುರುಮಾಡುವುದು ಇಂಥ ಕಡೆಯಿಂದಲೇ. ವೆಸ್ಟ್ ಸೈಡ್‌ನಲ್ಲಿ ಸುದ್ದಿ ಒಯ್ಯುವವಳು ಅನಿತಾ. ಸತ್ತ ಬರ್ನಾರ್ಡೊನ ಪ್ರೇಯಸಿ ಅವಳು. ಆದರೂ ದುಃಖ ನುಂಗಿಕೊಂಡು ಮರಿಯಾಳಿಗಾಗಿ ಟೋನಿಯ ಅಂಗಡಿಗೆ ಹೋಗುತ್ತಾಳೆ. ಅಲ್ಲಿ ಜೆಟ್ಸ್ ಹುಡುಗರು ಅವಳ ಬಣ್ಣ, ಅವಳ ಭಾಷೆ ಹಿಡಿದು ಹಂಗಿಸಿ, ಮೈಮೇಲೆ ಬಿದ್ದು, ಅತ್ಯಾಚಾರದ ಅಂಚಿಗೆ ಹೋಗುತ್ತಾರೆ. ಅಂಗಡಿಯ ಮುದುಕ ಬಂದು ತಡೆದಾಗ ಅವಳು ಆ ಸಿಟ್ಟಿನಲ್ಲಿ ಸುಳ್ಳು ಹೇಳುತ್ತಾಳೆ, ಮರಿಯಾ ಸತ್ತಳು ಅಂತ. ಆ ಸುಳ್ಳು ಟೋನಿಯನ್ನು ಸಾವಿನ ಬೀದಿಗೆ ಕಳಿಸುತ್ತದೆ. ಸುದ್ದಿ ಮುಟ್ಟದಂತೆ ಮಾಡಿದ್ದು ಪ್ಲೇಗಲ್ಲ, ಅವಮಾನ. ಪ್ರೇಮಿಗಳನ್ನು ಕೊಂದದ್ದು ವಿಧಿಯಲ್ಲ, ಒಂದು ಸಣ್ಣ ಅಂಗಡಿಯಲ್ಲಿ ಐದು ನಿಮಿಷ ನಡೆದ ಜನಾಂಗದ್ವೇಷ. ಈ ಬದಲಾವಣೆ ಲಾರೆಂಟ್ಸ್‌ನದು, ಅವನಿಗೆ ಇದರ ಬಗ್ಗೆ ಹೆಮ್ಮೆಯೂ ಇತ್ತು. ದೃಶ್ಯವನ್ನು ಕಟ್ಟಿದ್ದು ರಾಬಿನ್ಸ್. (ಇಡೀ ನಾಟಕದ ಪರಿಕಲ್ಪನೆ ನನ್ನದು ಎಂದು ಜಾಹೀರಾತಿನಲ್ಲೆಲ್ಲ ತನ್ನ ಹೆಸರು ಬೇರೆಯಾಗಿ ಹಾಕಿಸಿಕೊಂಡ ಮನುಷ್ಯ ಈತ. ಉಳಿದವರಿಗೆ ಅದರ ಬಗ್ಗೆ ಕೊನೆವರೆಗೂ ಕಹಿ ಇತ್ತು.) ಕೊನೆಯಲ್ಲಿ ಮರಿಯಾ ಸಾಯುವುದಿಲ್ಲ, ಪಿಸ್ತೂಲು ಹಿಡಿದು ಎರಡೂ ಕಡೆಯವರ ಮುಂದೆ ನಿಲ್ಲುತ್ತಾಳೆ. ಸತ್ತು ಚೆಲುವಾಗುವ ಜೂಲಿಯೆಟ್‌ಗಿಂತ ಬದುಕಿ ಆರೋಪಿಸುವ ಮರಿಯಾ ನನಗೆ ಮುಖ್ಯ.

ಮರಿಯಾಳ ಪಾತ್ರ ಮಾಡಿದ್ದು ಇಟಾಲಿಯನ್ ಮೂಲದ ಕ್ಯಾರಲ್ ಲಾರೆನ್ಸ್. ಮೊದಲ ಅನಿತಾ ಚಿಟಾ ರಿವೆರಾ, ತಂದೆಯ ಕಡೆಯಿಂದ ಪೋರ್ಟೊ ರಿಕನ್. ಇನ್ನು 1961ರ ಸಿನಿಮಾಕ್ಕೆ ಬಂದರೆ ಮರಿಯಾ ಆದವಳು ರಷ್ಯನ್ ಮೂಲದ ನತಾಲಿ ವುಡ್, ಬರ್ನಾರ್ಡೊ ಆದವನು ಗ್ರೀಕ್ ಮೂಲದ ಜಾರ್ಜ್ ಚಾಕಿರಿಸ್. ಮುಖ್ಯ ಪಾತ್ರಗಳಲ್ಲಿ ನಿಜವಾದ ಪೋರ್ಟೊ ರಿಕನ್ ಎಂದರೆ ಅನಿತಾ ಆದ ರೀಟಾ ಮೊರೆನೊ ಒಬ್ಬರೇ. ಅವರಿಗೂ ಕಂದು ಬಣ್ಣ ಬಳಿದರು! ನಮ್ಮವರಲ್ಲಿ ನಾನಾ ಬಣ್ಣದವರಿದ್ದಾರೆ, ಎಲ್ಲರಿಗೂ ಯಾಕೆ ಒಂದೇ ಬಣ್ಣ ಎಂದು ಕೇಳಿದ್ದಕ್ಕೆ ಬಣ್ಣ ಹಚ್ಚುವವನು ನೀನೇನು ಜನಾಂಗದ್ವೇಷಿಯಾ ಅಂತ ತಿರುಗಿ ಕೇಳಿದನೆಂದು ಮೊರೆನೊ ಹೇಳಿಕೊಂಡಿದ್ದಾರೆ. ಈ ತಿರುಗುಬಾಣ ನಮಗೆ ಹೊಸದಲ್ಲ. ಜಾತಿಯ ಮಾತೆತ್ತಿದವನೇ ಜಾತಿವಾದಿ!

ಆ ಸಿನಿಮಾದ ಶುರುವಿನ ಬೀದಿಗಳನ್ನು ಚಿತ್ರಿಸಿದ ಜಾಗದ್ದು ಇನ್ನೊಂದು ಕಥೆ. ಮ್ಯಾನ್‌ಹಟನ್‌ನ ಪಶ್ಚಿಮ ಭಾಗದಲ್ಲಿ ಸ್ಯಾನ್ ಹ್ವಾನ್ ಹಿಲ್ ಎಂಬ ಬಡಾವಣೆ ಇತ್ತು. ಮೊದಲು ಕರಿಯರು, ಆಮೇಲೆ ಪೋರ್ಟೊ ರಿಕನ್ನರೂ ಸೇರಿ ಬದುಕಿದ್ದ ಜಾಗ. (ಅಲ್ಲಿಂದ ಎರಡು ಮೂರು ಮೈಲಿ ಉತ್ತರಕ್ಕೆ ಕೊಲಂಬಿಯಾ ವಿಶ್ವವಿದ್ಯಾನಿಲಯ. 1913ರಿಂದ 1916ರವರೆಗೆ ಬಾಬಾಸಾಹೇಬರು ಅಲ್ಲಿ ಓದಿದರು.) ನಗರಾಭಿವೃದ್ಧಿಯ ಹೆಸರಿನಲ್ಲಿ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ ಇದನ್ನು ಕೊಳೆಗೇರಿ ಎಂದು ಘೋಷಿಸಿ ಕೆಡವಿಸಿದ. 7,000ಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಖಾಲಿಯಾದ, ಇನ್ನೂ ಪೂರ್ತಿ ಬೀಳದ ಬೀದಿಗಳಲ್ಲಿ 1960ರಲ್ಲಿ ಕ್ಯಾಮೆರಾ ಇಟ್ಟರು. ನಾಟಕದಲ್ಲಿ ಹುಡುಗರು ಈ ಬೀದಿ ನಮ್ಮದು ಎಂದು ಬಡಿದಾಡುತ್ತಿದ್ದಾಗ ನಿಜವಾದ ಬೀದಿ ಇಬ್ಬರ ಕೈಯಿಂದಲೂ ಹೋಗಿಯಾಗಿತ್ತು. ಅಲ್ಲಿ ಎದ್ದದ್ದು ಲಿಂಕನ್ ಸೆಂಟರ್, ಸಂಗೀತ-ನೃತ್ಯ-ನಾಟಕಗಳ ಭವ್ಯ ಸೌಧ. 1964ರಿಂದ ನ್ಯೂಯಾರ್ಕ್ ಸಿಟಿ ಬ್ಯಾಲೆ ಅಲ್ಲಿ ನೆಲೆಸಿತು, 1969ರಲ್ಲಿ ರಾಬಿನ್ಸ್ ಅದೇ ಬ್ಯಾಲೆಗೆ ಮರಳಿದ. ಕಲೆಗೆ ನೆಲ ಬೇಕು, ಸರಿ. ಯಾರ ನೆಲ ಅಂತ ಕೇಳಬಾರದೆ? 2021ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಈ ಕಥೆಯನ್ನು ಮತ್ತೆ ಸಿನಿಮಾ ಮಾಡಿದಾಗ ಶುರು ಮಾಡಿದ್ದೇ ಆ ಕೆಡವಿದ ಕಟ್ಟಡಗಳ ರಾಶಿಯಿಂದ. ಶಾರ್ಕ್ಸ್ ಪಾತ್ರಗಳಿಗೆ ಲ್ಯಾಟಿನ್ ಮೂಲದವರನ್ನೇ ಹಾಕಿದ. ಸ್ಪ್ಯಾನಿಷ್ ಮಾತುಗಳಿಗೆ ಇಂಗ್ಲಿಷ್ ಅಡಿಬರಹ ಕೊಡಲಿಲ್ಲ. ಅರವತ್ತು ವರ್ಷ ಬೇಕಾಯಿತು.

ರಾಬಿನ್ಸ್‌ನ ಬದುಕಿನಲ್ಲಿ ಇನ್ನೊಂದು ಘಟನೆಯನ್ನು ಮುಚ್ಚಿಡಲು ಆಗುವುದಿಲ್ಲ. 1953ರ ಮೇ ತಿಂಗಳಲ್ಲಿ ಆತ ಅಮೆರಿಕದ ಸಂಸತ್ತಿನ ಕಮ್ಯುನಿಸ್ಟ್ ವಿರೋಧಿ ಸಮಿತಿಯ ಮುಂದೆ ಕೂತು ತನ್ನ ಹಳೆಯ ಸಂಗಾತಿಗಳ ಎಂಟು ಹೆಸರುಗಳನ್ನು ಹೇಳಿದ. ತಾನು ಸಲಿಂಗಿ ಎಂಬುದು ಬಯಲಾಗುವ ಭಯವಿತ್ತು ಎಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಸ್ವತಃ ಕಪ್ಪುಪಟ್ಟಿಗೆ ಸೇರಿದ್ದ ಲಾರೆಂಟ್ಸ್ ಅಂಥವನ ಜೊತೆ ನಾಲ್ಕು ವರ್ಷಗಳ ನಂತರ ನಾಟಕ ಕಟ್ಟಿದ, ಕ್ಷಮಿಸಲಿಲ್ಲ. ಹೆಸರು ಬದಲಿಸಿಕೊಂಡವನು, ಹೆಸರು ಹೇಳಿದವನು, ಬೇರೆಯವರ ಪ್ರತಿಯೊಂದು ಪಾತ್ರಕ್ಕೂ ಹೆಸರಿಟ್ಟು ಕುಣಿಸಿದ. ಮೆಟ್ಟಿಲಿನ ಮೇಲೆ ಒಂದು ಹೆಜ್ಜೆ ಏರಿದವನಿಗೆ ಕೆಳಗೆ ಬೀಳುವ ಭಯ ಎಷ್ಟಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಜೆಟ್ಸ್ ಹುಡುಗರಲ್ಲಿ ಅದು ಕಾಣುತ್ತದೆ. ಟೋನಿ ಪೋಲಿಷ್ ವಲಸಿಗರ ಮಗ. ಉಳಿದವರೂ ಹೆಚ್ಚುಕಮ್ಮಿ ಅಂಥವರೇ, ಮೊನ್ನೆ ಮೊನ್ನೆ ಹಡಗಿನಿಂದ ಇಳಿದವರ ಮಕ್ಕಳು. ಅವರ ಕೈಯಲ್ಲಿರುವುದು ಒಂದೇ ಒಂದು ಮೆಟ್ಟಿಲು, ಅದನ್ನು ಕಾಯಲು ಚಾಕು ಹಿಡಿದಿದ್ದಾರೆ.

ನಾನು ಮೊದಲು ಊರು-ಕೇರಿ ಎಂದು ಎರಡೇ ಗೆರೆ ಎಳೆದಿದ್ದೆ. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯಲ್ಲಿ ಎರಡಲ್ಲ, ನೂರು ಮೆಟ್ಟಿಲು. 2012ರಲ್ಲಿ ತಮಿಳುನಾಡಿನ ಧರ್ಮಪುರಿಯಲ್ಲಿ ಒಂದು ಅಂತರ್ಜಾತಿ ಮದುವೆಗಾಗಿ ಮೂರು ದಲಿತ ಕಾಲೋನಿಗಳನ್ನು ಸುಟ್ಟವರು ದೊಡ್ಡ ಜಮೀನ್ದಾರರಲ್ಲ, ಹಿಂದುಳಿದ ಜಾತಿಯವರು. 2019ರಲ್ಲಿ ನಮ್ಮದೇ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ದೀಪಾವಳಿಗೆ ಊರಿಗೆ ಬಂದ ಗಂಡ-ಹೆಂಡತಿಯನ್ನು ಹುಡುಗಿಯ ಕಡೆಯವರು ಕಲ್ಲಿನಿಂದ ಜಜ್ಜಿ ಕೊಂದರು. ಹುಡುಗ ಮಾದರ, ಹುಡುಗಿ ಲಂಬಾಣಿ. ಇಬ್ಬರೂ ಪರಿಶಿಷ್ಟ ಜಾತಿಯ ಪಟ್ಟಿಯವರೇ. ಇದನ್ನು ನಮ್ಮ ಸಭೆಗಳಲ್ಲಿ ನಾವು ಎಷ್ಟು ಸಲ ಮಾತಾಡಿದ್ದೇವೆ? 1936ರಲ್ಲೇ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ಬರೆದವರ ಫೋಟೊ ಹಾಕಿಕೊಂಡ ಮನೆಗಳಲ್ಲೂ ಎಡಗೈ-ಬಲಗೈ ಸಂಬಂಧ ಬೆಳೆಸಲು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ನನ್ನ ಮನೆಯಲ್ಲೂ.

ಕಡೆಗೆ ನಾವು ರೋಮಿಯೋ-ಜೂಲಿಯೆಟ್ ಆಡಲಿಲ್ಲ. ಅಂಗಡಿಯ ದೃಶ್ಯವೊಂದನ್ನೇ ತೆಗೆದುಕೊಂಡೆವು. ಔಷಧಿ ಅಂಗಡಿ ಹೋಗಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಾಯಿತು. ಪ್ರೇಮಿಗಳು ರಂಗದ ಮೇಲೆ ಬರುವುದೇ ಇಲ್ಲ. ಸುದ್ದಿ ಹೇಳಲು ಕೇರಿಯಿಂದ ಒಬ್ಬ ಹುಡುಗಿ ಬರುತ್ತಾಳೆ, ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ. ಕತ್ತಿಯ ಪ್ರಶ್ನೆ ಕೇಳಿದ ಹುಡುಗನೇ ಆ ನಾಲ್ವರಲ್ಲಿ ಒಬ್ಬನಾಗಲು ಒಪ್ಪಿದ. ಬೇರೆಯವರಿಗೆ ಹೇಗೆ ಬೈಯಬೇಕು ಅಂತ ಗೊತ್ತಿಲ್ಲ ಸಾರ್, ನಂಗೆ ಗೊತ್ತು, ಕೇಳಿ ಕೇಳಿ ಅಭ್ಯಾಸ ಆಗಿದೆ ಅಂದ. ಜಾತಿಯ ಹೆಸರು ಎಲ್ಲೂ ಬರಕೂಡದು ಎಂದು ಮೇಲಿನವರಿಂದ ಸೂಚನೆ ಬಂತು. ಹೆಸರು ತೆಗೆದೆವು, ಹುಡುಗಿ ಟೀ ಕುಡಿದ ಪ್ಲಾಸ್ಟಿಕ್ ಲೋಟವನ್ನು ಇಟ್ಟುಕೊಂಡೆವು. ನಾಟಕದ ದಿನ, ನಾಲ್ವರು ಆ ಹುಡುಗಿಯ ದಾರಿ ಅಡ್ಡಗಟ್ಟಿದ ಹೊತ್ತಿಗೆ ಪ್ರೇಕ್ಷಕರ ನಡುವಿಂದ ಸಿಳ್ಳೆ ಬಂತು. ಒಂದಲ್ಲ, ಏಳೆಂಟು. ರಂಗದ ಮೇಲಿದ್ದ ಹುಡುಗಿ ಒಂದು ಕ್ಷಣ ಮಾತು ನಿಲ್ಲಿಸಿ ಕತ್ತಲೆಯ ಕಡೆ ನೋಡಿದಳು. ಅದು ನಾವು ತಾಲೀಮು ಮಾಡಿದ್ದಲ್ಲ. ಆಮೇಲೆ ಮುಂದಿನ ಮಾತು ಹೇಳಿದಳು.